ರೀಲು "ತೊಳೆಸು" ಅಂದರೆ ಎಲ್ಲಿಂದ ಎಲ್ಲಿವರೆಗೆ? ಜೊತೆಗೆ ಕ್ಯಾಮೆರಾದ "ತಿದಿ"

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ ಕಡೆಯ ಕೆಲವು ಹುಡುಗ ಹುಡುಗಿಯರು ಮನೆಯ ಅಟ್ಟದಲ್ಲಿ ಸಿಕ್ಕ ಹಳೇ ಕ್ಯಾಮೆರಾ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿದ್ದಾರೆ. ಅದರಲ್ಲಿ ಆಗ್ಫಾ ಕ್ಲಿಕ್ 3 ಜಾಸ್ತಿ. 120 ರೋಲು ಹಾಕಿದರೆ 12 ಚೌಕ ಚಿತ್ರ ಬರುತ್ತವಲ್ಲ, ಅದೇ. ರೋಲು ಹಾಕುವುದರಿಂದ ಹಿಡಿದು ಮನೆಯಲ್ಲೇ ನೆಗೆಟಿವ್ ಮಾಡಿಕೊಳ್ಳುವವರೆಗೆ ಎಲ್ಲವನ್ನೂ ಹೇಳುವ ಸಣ್ಣ ಕೈಪಿಡಿಯೊಂದನ್ನು ಅವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ನಿಂತಿದ್ದೇನೆ.

ಮೊದಲನೆಯದು "ತೊಳೆಸು". "ರೀಲು ತೊಳ್ಸಕ್ಕೆ ಕೊಟ್ಟಿದೀನಿ, ನಾಡಿದ್ದು ಸಿಗುತ್ತೆ" ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇತ್ತು. ಆದರೆ ಅದರಲ್ಲಿ ನೆಗೆಟಿವ್ ಮಾಡುವುದಷ್ಟೇ ಸೇರಿತ್ತಾ, ಕಾಗದದ ಮೇಲೆ ಫೋಟೊ ಹಾಕುವುದೂ ಸೇರಿತ್ತಾ? ನಾನು ಎರಡೂ ಕೇಳಿದ್ದೇನೆ. "ನೆಗೆಟಿವ್ ಎತ್ತಿಟ್ಟಿರು, ಮದುವೆಗೆ ಇನ್ನೊಂದು ಕಾಪಿ ತೊಳೆಸ್ಬಹುದು" ಅನ್ನುವವರಿದ್ದರು. ಸ್ಟುಡಿಯೊದವರು ಹಾಗೆ ಬೆರೆಸುತ್ತಿರಲಿಲ್ಲ. ಅವರು ರೀಲು ತೊಳೆಯುತ್ತಿದ್ದರು, ಪ್ರಿಂಟ್ ಹಾಕುತ್ತಿದ್ದರು. ಸಾಗರ, ಹೊಸನಗರ, ಸೊರಬದ ಕಡೆ ಹೇಗೆ ಹೇಳುತ್ತಿದ್ದರು?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಕೆಲಸ ಮಾಡುವವರ ಕಡೆಯಿಂದ ನೋಡಿದರೆ, ನೀರಲ್ಲಿ ತೊಳೆಯುವುದು ಬರುವುದು ಕೊನೆಗೆ. ಪೂರ್ತಿ ಕತ್ತಲಲ್ಲಿ ಫಿಲ್ಮನ್ನು ಸುರುಳಿಗೆ ಸುತ್ತಿ, ಡಬ್ಬಿಗಿಳಿಸಿ ಮುಚ್ಚಳ ಹಾಕಿದ ಮೇಲೆ ಮೊದಲು ಡೆವಲಪರ್ ಸುರಿಯಬೇಕು. ಬೆಳಕು ತಾಗಿದ ಬೆಳ್ಳಿಯ ಲವಣ ಅಲ್ಲಿ ಕಪ್ಪು ಬೆಳ್ಳಿಯಾಗಿ ಚಿತ್ರ ಮೂಡುತ್ತದೆ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ರೋಲಿಗೆ ಐಡಿ-11 ಎಂಬ ಡೆವಲಪರನ್ನು ಇನ್ನಷ್ಟು ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯ ನಲ್ಲಿ ನೀರು ಅಷ್ಟು ತಣ್ಣಗೆಲ್ಲಿರುತ್ತದೆ? ಐಸ್ ಹಾಕಿದ ಬೋಗುಣಿಯಲ್ಲಿ ಬಾಟಲಿ ಇಟ್ಟು ತಣಿಸಿಕೊಳ್ಳಬೇಕು. ಆಮೇಲೆ ಹೈಪೊ. ಬೆಳಕು ತಾಗದೆ ಉಳಿದ ಲವಣವನ್ನು ಕರಗಿಸಿ ತೆಗೆಯುವುದು ಅದರ ಕೆಲಸ. ಜಾನ್ ಹರ್ಷೆಲ್ ಈ ಗುಣವನ್ನು 1819ರಲ್ಲೇ ಕಂಡುಕೊಂಡಿದ್ದ, ಅದು ಫೋಟೊಗ್ರಫಿಯ ಕೆಲಸಕ್ಕೆ ಬಂದಿದ್ದು 1839ರಲ್ಲಿ. ಇದೆಲ್ಲ ಮುಗಿದ ಮೇಲೆ ನೀರು. ಹೈಪೊ ಸರಿಯಾಗಿ ಹೋಗದಿದ್ದರೆ ವರ್ಷ ಕಳೆದಂತೆ ನೆಗೆಟಿವ್ ಕಲೆ ಬೀಳುತ್ತದೆ.

ಈಗ ಹುಡುಗರಿಗೆ "ತೊಳೆಯಿರಿ" ಎಂದು ಬರೆದರೆ ಇದರಲ್ಲಿ ಯಾವುದು? ನಿಘಂಟಿನ "ಸಂಸ್ಕರಿಸು" ನನಗೆ ಬೇಡ. ನಮ್ಮಲ್ಲಿ ಸಂಸ್ಕರಣೆ ಅಂದ ಕೂಡಲೇ ಅಡಿಕೆ ನೆನಪಾಗುತ್ತದೆ, ಅಲ್ವಾ? ಹಾಗಾಗಿ ಇಡೀ ಕೆಲಸಕ್ಕೆ "ತೊಳೆ" ಇಟ್ಟುಕೊಂಡು ಒಳಗಿನ ಹಂತಗಳಿಗೆ "ಮೂಡಿಸು", "ಹೈಪೊ ಹಾಕು", "ಜಾಲಾಡಿಸು" ಎಂದು ಬರೆದಿದ್ದೇನೆ. ಕೊನೆಯದು ನನಗೆ ತುಂಬಾ ಹಿಡಿಸಿದೆ. ಡಬ್ಬಿಗೆ ನೀರು ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲಬೇಕು, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಇಲ್ಫರ್ಡ್‌ನವರು ಹೇಳುವ ಈ ಕ್ರಮ ಬಟ್ಟೆ ಜಾಲಾಡಿಸಿದಂತೆಯೇ ಇದೆ. ಅಬ್ಬಿ ನೀರು ಅಂಗಳಕ್ಕೇ ಬರುವ ಮನೆಯವರು ನೀರಿನ ಲೆಕ್ಕ ಇಡಬೇಕಿಲ್ಲ, ಸೋಸಿಕೊಂಡರೆ ಸಾಕು. ಒಂದು ಮರಳ ಕಣ ಫಿಲ್ಮಿಗೆ ಅಂಟಿದರೂ ಗೀರು ಬೀಳುತ್ತದೆ.

ಎರಡನೆಯದು "ತಿದಿ". ಮಡಚುವ ಹಳೇ ಕ್ಯಾಮೆರಾಗಳಲ್ಲಿ ಲೆನ್ಸಿಗೂ ಹಿಂದಿನ ಪೆಟ್ಟಿಗೆಗೂ ನಡುವೆ ಮಡಿಕೆ ಮಡಿಕೆಯಾದ ಚರ್ಮ ಅಥವಾ ಬಟ್ಟೆ ಇರುತ್ತದೆ. ನಾನು ಅದನ್ನು ತಿದಿ ಎಂದು ಬರೆದೆ. ಓದಿದ ಗೆಳೆಯರೊಬ್ಬರು ಒಪ್ಪಲಿಲ್ಲ. ಕುಲುಮೆಯ ತಿದಿ, ಹಾರ್ಮೋನಿಯಂನ ತಿದಿ ಎರಡೂ ಗಾಳಿ ಊದುತ್ತವೆ, ಇದು ಏನನ್ನೂ ಊದುವುದಿಲ್ಲ ಅನ್ನುವುದು ಅವರ ವಾದ. ಇದರ ಕೆಲಸ ಬೆಳಕು ನುಗ್ಗದ ಹಾಗೆ ತಡೆಯುವುದು, ಲೆನ್ಸ್ ಹಿಂದೆ ಮುಂದೆ ಹೋಗಲು ಬಿಡುವುದು ಅಷ್ಟೇ, ನಿಜ. ಆದರೂ ನೋಡಿದ ಕೂಡಲೇ ಗುರುತು ಸಿಗುವ ಪದ ತಿದಿಯೇ ಅನ್ನಿಸುತ್ತದೆ. ಇಂಗ್ಲಿಷಿನವರೂ ಕುಲುಮೆಯದ್ದಕ್ಕೂ ಕ್ಯಾಮೆರಾದ್ದಕ್ಕೂ ಬೆಲ್ಲೋಸ್ ಎಂಬ ಒಂದೇ ಪದ ಇಟ್ಟುಕೊಂಡಿದ್ದಾರೆ. ಕೈಪಿಡಿಯ ಸಾಲು ಹೀಗಿದೆ: "ಕತ್ತಲೆ ಕೋಣೆಯಲ್ಲಿ ತಿದಿ ಬಿಚ್ಚಿ ಒಳಗೆ ಟಾರ್ಚ್ ಹಿಡಿಯಿರಿ. ಮಡಿಕೆಯ ಮೂಲೆಗಳಲ್ಲಿ ಚುಕ್ಕಿ ಬೆಳಕು ಕಂಡರೆ ತೂತು ಬಿದ್ದಿದೆ." ಇಲ್ಲಿ ತಿದಿ ಎಡವುತ್ತದಾ? "ಮಡಿಕೆಚೀಲ" ಅಂತಲೂ ಒಬ್ಬರು ಸೂಚಿಸಿದರು, ನನಗೆ ಅದು ಪೇಟೆಯಲ್ಲಿ ಕೊಳ್ಳುವ ಕೈಚೀಲದ ಹಾಗೆ ಕೇಳಿಸಿತು.

ಉಳಿದ ಪದಗಳ ತಕರಾರಿಲ್ಲ. ಕ್ಲಿಕ್‌ನ ಬೆನ್ನಲ್ಲಿ ಚಿತ್ರದ ನಂಬರು ಕಾಣುವ ಗಾಜು "ಕೆಂಪು ಕಿಂಡಿ". ಹಿಂದಿನ ಕಾಲದ ಎಷ್ಟೋ ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ, ಅದಕ್ಕೆ ಆ ಬಣ್ಣ. ಈಗಿನ ಫಿಲ್ಮಿಗೆ ತಾಗುತ್ತದೆ, ಬಿಸಿಲಲ್ಲಿ ಕಿಂಡಿ ಮುಚ್ಚಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಚರ್ಮದ ಕೇಸಿನಲ್ಲೇ ಇಟ್ಟ ಲೆನ್ಸಿಗೆ ಹಿಡಿಯುವುದು "ಬೂಷ್ಟು". ಆಗುಂಬೆ ಸುತ್ತಿನವರಿಗೆ ಶಿಲೀಂಧ್ರ ಅಂತ ಹೇಳಿ ತಿಳಿಸುವ ಅಗತ್ಯವೇ ಇಲ್ಲ.

ಉತ್ತರ ಬರೆಯುವಾಗ ನಿಮ್ಮ ಊರು ಯಾವುದು, ಆ ಮಾತು ಸ್ಟುಡಿಯೊದವರ ಬಾಯಲ್ಲಿ ಕೇಳಿದ್ದಾ ಫೋಟೊ ತೆಗೆಸಿಕೊಂಡವರ ಬಾಯಲ್ಲಿ ಕೇಳಿದ್ದಾ, ಅದನ್ನೂ ದಯವಿಟ್ಟು ಸೇರಿಸಿ.