ಸಹಾಯ ಬೇಕು: ಅವಲಹಳ್ಳಿ ಕಾಡಿನೊಳಗೆ ಸೈಕಲ್ ಒಯ್ಯಲು ಬಿಡುತ್ತಾರೆಯೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬನಶಂಕರಿಯಲ್ಲಿ. ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸಲೆಂದೇ ಮೌಂಟನ್ ಬೈಕ್ ಕೊಂಡಿದ್ದೇನೆ. ಮುಂದೆ ಸಸ್ಪೆನ್ಷನ್, ದಪ್ಪ ಗುಬಟುಗಳ ಅಗಲ ಟೈರು. ಅದು ಈವರೆಗೆ ಕಂಡಿರುವುದು ಡಾಂಬರು ಮಾತ್ರ. (ನಮ್ಮ ಬಡಾವಣೆಯ ಗುಂಡಿಗಳಿಗೂ ಇಂಥದೇ ಬೇಕು, ಆ ಮಾತು ಬೇರೆ.)

ಮನೆಗೆ ಹತ್ತಿರವಿರುವುದು ತುರಹಳ್ಳಿ ಕಾಡು. ಬಂಡೆ, ಕಾಲಡಿ ಜಾರುವ ಸಡಿಲ ಜಲ್ಲಿ, ಪೊದೆಗಳ ನಡುವೆ ನುಸುಳುವ ಕಾಲುದಾರಿ, ನೋಡಿದರೆ ಆಸೆಯಾಗುತ್ತದೆ. ಆದರೆ ಗೇಟಿನಲ್ಲಿ, ನಡೆದು ಹೋಗಿ, ಸೈಕಲ್ ಬೇಡ ಎಂದರು. ಮೀಸಲು ಅರಣ್ಯದೊಳಗೆ ಕಳ್ಳದಾರಿಯಿಂದ ನುಗ್ಗುವ ಉಸಾಬರಿ ನನಗೆ ಬೇಡ.

ಉಳಿದದ್ದು ಯಲಹಂಕದ ಆಚೆಗಿನ ಅವಲಹಳ್ಳಿ. ಅಲ್ಲಿಗೆ ಇಡೀ ಬೆಂಗಳೂರನ್ನೇ ದಾಟಬೇಕು, ಕಾರಿಗೆ ಸೈಕಲ್ ಕಟ್ಟಿಕೊಂಡು ಹೋಗುವ ಸ್ಟ್ಯಾಂಡೂ ಇಲ್ಲ. ಬೆಳಿಗ್ಗೆ ಬೇಗ ಹೋದರೆ ಏನೂ ಕೇಳದೆ ಒಳಗೆ ಬಿಡುತ್ತಾರೆ ಎಂದು ಸೈಕಲ್ ಅಂಗಡಿಯವರು ಹೇಳುತ್ತಾರೆ. ಮುಂಚಿತವಾಗಿ ಅನುಮತಿ ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ ಎನ್ನುವುದು ಸಹೋದ್ಯೋಗಿಯ ಮಾತು. ಮೊಬೈಲ್ ನಕ್ಷೆಯಲ್ಲಿ ಗೆರೆಗಳು ಕಾಣುತ್ತವೆ; ಯಾವುದರಲ್ಲಿ ಸೈಕಲ್ ಓಡಿಸಬಹುದು ಎಂಬುದನ್ನು ಅದು ಹೇಳುವುದಿಲ್ಲ.

ಇತ್ತೀಚೆಗೆ ಅಲ್ಲಿಗೆ ಸೈಕಲ್ ಒಯ್ದವರು ದಯವಿಟ್ಟು ತಿಳಿಸಿ: ಒಳಗೆ ಬಿಡುತ್ತಾರೆಯೇ? ಅನುಮತಿ ಬೇಕಿದ್ದರೆ ಯಾವ ಕಚೇರಿಯಲ್ಲಿ ಕೇಳಬೇಕು, ಶುಲ್ಕ ಎಷ್ಟು?