ಬಯೋಡೀಸೆಲ್ ತೊಳೆಯೋಕೆ ಹೋದ್ರೆ ಮಜ್ಜಿಗೆ ಆಗ್ತಿದೆ: ಮೆಣಸಿನಕಾಯಿ ಕರಿದ ಎಣ್ಣೆ, ಎರಡನೇ ಬ್ಯಾಚ್

ಮಂಡಕ್ಕಿಲ್ಯಾಬ್ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಒಂಬತ್ತನೇ ಕ್ಲಾಸಿನ ಮಕ್ಕಳು ಹಳೇ ಸೈಕಲ್ ಶೆಡ್ ಗುಡಿಸಿ ಬಯೋಡೀಸೆಲ್ (ಎಣ್ಣೆಯಿಂದ ಮಾಡೋ ಡೀಸೆಲ್ ಥರದ ಇಂಧನ) ಲ್ಯಾಬ್ ಮಾಡ್ಕೊಂಡಿದ್ದಾರೆ. ಮುಚ್ಚಳ ಇರೋ ಸ್ಟೀಲ್ ಡಬ್ಬಿ, ಅದನ್ನ ಇಡೋಕೆ ಬಿಸಿನೀರಿನ ಪಾತ್ರೆ, ಕಲಕೋಕೆ ಹಳೇ ಮಿಕ್ಸಿಯ ಮೋಟರ್.

ಮೊದಲ ಬ್ಯಾಚಿಗೆ ಹೊಸ ಸೂರ್ಯಕಾಂತಿ ಎಣ್ಣೆ 1 ಲೀಟರ್, ಮೆಥನಾಲ್ 200 ಮಿಲಿ, ಕಾಸ್ಟಿಕ್ ಸೋಡಾ 3.5 ಗ್ರಾಂ. 55 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿದ್ವಿ. ಬೆಳಿಗ್ಗೆ ನೋಡಿದ್ರೆ ಗ್ಲಿಸರಿನ್ ಬೆಲ್ಲದ ಪಾಕದ ಹಾಗೆ ತಳಕ್ಕೆ ಕೂತಿತ್ತು, ಮೇಲಿನ ಬಯೋಡೀಸೆಲ್ ಚಿನ್ನದ ಬಣ್ಣ. ಮಕ್ಕಳು ಕುಣಿದಾಡಿಬಿಟ್ರು.

ಎರಡನೇದಕ್ಕೆ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯಿಂದ ಕರಿದ ಎಣ್ಣೆ ತಂದ್ವಿ. ಬಟ್ಟೇಲಿ ಸೋಸಿ, ಕಾಯಿಸಿ, ಟೈಟ್ರೇಷನ್ನೂ (ಎಣ್ಣೇಲಿ ಆಮ್ಲ ಎಷ್ಟಿದೆ ಅಂತ ಅಳೆಯೋದು) ಮಾಡಿದ್ವಿ. 1 ಮಿಲಿ ಎಣ್ಣೆ, 10 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಎರಡು ಹನಿ ಫೀನಾಲ್ಫ್ತಲೀನ್. ಗುಲಾಬಿ ಬಣ್ಣ ಬರೋಕೆ ಲೀಟರಿಗೆ 1 ಗ್ರಾಂ ಕಾಸ್ಟಿಕ್ ದ್ರಾವಣ 2.5 ಮಿಲಿ ಹಿಡೀತು, ಅಂದ್ರೆ ಲೀಟರ್ ಎಣ್ಣೆಗೆ 2.5 ಗ್ರಾಂ ಜಾಸ್ತಿ ಬೇಕು. 3.5ಕ್ಕೆ ಅದನ್ನ ಕೂಡಿಸಿ 6 ಗ್ರಾಂ ಹಾಕಿದ್ವಿ. ಗ್ಲಿಸರಿನ್ ಬಂತು, ಆದ್ರೆ ಕಮ್ಮಿ. ಉಳಿದ ಸೋಪು, ಕಾಸ್ಟಿಕ್ ಹೋಗ್ಲಿ ಅಂತ ನೀರು ಹಾಕಿ ತೊಳೆದ್ರೆ ಪೂರಾ ಬೆಳ್ಳಗೆ, ಕಡೆದ ಮಜ್ಜಿಗೆ! ಎರಡು ದಿನ ಆದ್ರೂ ಒಡೆದಿಲ್ಲ.

ಗಾಣದಮನೆ (ಚಳ್ಳಕೆರೆ)
ಮೇಷ್ಟ್ರೇ, ಎಣ್ಣೇಲಿ ನೀರು ಉಳಿದೈತೆ ನೋಡ್ರಿ. ಬಜ್ಜಿ ಎಣ್ಣೆ ಅಂದ್ರೆ ಹಿಟ್ಟು, ಮೆಣಸಿನಕಾಯಿ ರಸ ಎಲ್ಲಾ ಇರ್ತೈತೆ. ಚಟಚಟ ಅನ್ನೋದು ನಿಲ್ಲೋವರೆಗೂ ಕಾಯಿಸ್ಬೇಕು. ಇನ್ನೊಂದು, ತೊಳೆದಿದ್ದು ಬೋರ್ ನೀರಲ್ಲಾ? ಸೋಪೇ ನೊರೆ ಬರದಂಥ ಗಡಸು ನೀರಲ್ಲಿ ಇದನ್ನ ತೊಳೆದ್ರೆ ಬಿಳೀ ಕೆನೆ ಕಟ್ಟೋದೇ.

ಮಂಡಕ್ಕಿಲ್ಯಾಬ್
ಚಟಚಟ ನಿಂತ ಮೇಲೂ ಹತ್ತು ನಿಮಿಷ ಕಾಯಿಸಿದ್ವಿ ಅಣ್ಣಾ. ನೀರು ಮಾತ್ರ ಬೋರಿಂದೇ. ಆದ್ರೆ ಮೊದಲ ಬ್ಯಾಚ್ ತೊಳೆದದ್ದೂ ಅದೇ ನೀರಲ್ಲಿ.

ಬ್ಯುರೆಟ್ (ಚಿತ್ರದುರ್ಗ)
ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೀನಿ. ಮಜ್ಜಿಗೆ ಆಗೋಕೆ ಎರಡು ದಾರಿ ಇದೆ ಸರ್: ಸೋಪು ಜಾಸ್ತಿ ಆಗಿರಬೇಕು, ಇಲ್ಲಾ ಎಣ್ಣೆ ಅರೆಬರೆ ಬದಲಾಗಿರಬೇಕು. ಅರ್ಧ ಬದಲಾದ ಗ್ಲಿಸರೈಡುಗಳು (ಎಣ್ಣೆಯ ಅಣುಗಳು) ನೀರನ್ನೂ ಎಣ್ಣೆಯನ್ನೂ ಹಿಡ್ಕೊಂಡು ಬಿಡಲ್ಲ. ಯಾವುದು ಅಂತ ತಿಳಿಯೋಕೆ, ತೊಳೆಯದೇ ಇರೋದು ಉಳಿದಿದ್ರೆ ಅದರಲ್ಲಿ 3 ಮಿಲಿ ತಗೊಂಡು 27 ಮಿಲಿ ಮೆಥನಾಲ್‌ಗೆ ಹಾಕಿ ಅಲ್ಲಾಡಿಸಿ. ಬಯೋಡೀಸೆಲ್ ಪೂರ್ತಿ ಕರಗುತ್ತೆ, ಬದಲಾಗದ ಎಣ್ಣೆ ತಳದಲ್ಲಿ ಕೂರುತ್ತೆ. ಪಿಪೆಟ್ಟಿಗೆ ಬಾಯಿ ಹಾಕ್ಬೇಡಿ, ರಬ್ಬರ್ ಬಲ್ಬ್ ಬಳಸಿ. ಮೆಥನಾಲ್ ಹೊಟ್ಟೆಗೆ ಹೋದ್ರೆ ಕಣ್ಣು ಹೋಗುತ್ತೆ.

ಇನ್ನು ಆ ಮಿಕ್ಸಿ ಮೋಟರ್ ಇವತ್ತೇ ಬಿಚ್ಚಿ. ಅದರ ಕಾರ್ಬನ್ ಬ್ರಷ್ಷಲ್ಲಿ ಕಿಡಿ ಹಾರುತ್ತೆ. ಮೆಥನಾಲ್ ಆವಿಗೆ ಅಷ್ಟು ಸಾಕು, ಹೊತ್ತಿದ್ರೆ ಬಿಸಿಲಲ್ಲಿ ಉರಿ ಕಾಣೋದೂ ಇಲ್ಲ. ಹಳೇ ಟೇಬಲ್ ಫ್ಯಾನ್ ಮೋಟರಿಗೆ ಬ್ರಷ್ ಇರಲ್ಲ, ಅದನ್ನ ಹಾಕಿ. ಶೆಡ್ಡಿನ ಬಾಗಿಲು ಕಿಟಕಿ ತೆಗೆದಿರಲಿ.

ಮಂಡಕ್ಕಿಲ್ಯಾಬ್
ಮೋಟರ್ ಬಿಚ್ಚಿದ್ವಿ. ತಲೆಗೇ ಹೊಳೆದಿರಲಿಲ್ಲ ಸರ್. ಒಂದು ಬಾಟಲಿ ತೊಳೆಯದೇ ಇಟ್ಟಿದ್ದು ಒಳ್ಳೇದಾಯ್ತು: ತಳದಲ್ಲಿ ಹಳದಿ ಎಣ್ಣೆಯ ದೊಡ್ಡ ಹನಿ ಕೂತಿದೆ.

ಬ್ಯುರೆಟ್
ಹಾಗಾದ್ರೆ ಅರೆಬರೆಯೇ. ಎರಡೂ ಬ್ಯಾಚಿಗೆ ಕಾಸ್ಟಿಕ್ ಒಂದೇ ಬಾಟಲಿಯದಾ? ಲೇಬಲ್ ಓದಿ ಹೇಳಿ.

ಮಂಡಕ್ಕಿಲ್ಯಾಬ್
ಅಯ್ಯೋ. ಮೊದಲ ಬಾಟಲಿ ಖಾಲಿಯಾಗಿತ್ತು, ಬೀರುವಿಂದ ಇನ್ನೊಂದು ತೆಗೆದಿದ್ವಿ. ಅದೂ ಬಿಳೀದೇ. ಲೇಬಲ್ ಓದಿದ್ದು ಒಬ್ಬ ಹುಡುಗಿ: ‘ಸರ್, ಇದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, 85%.’ ನನ್ನ ಮುಖ ನೋಡೋ ಹಾಗಿರಲಿಲ್ಲ.

ಬ್ಯುರೆಟ್
ಸಿಕ್ತು! ಪೊಟ್ಯಾಷ್ ತಪ್ಪಲ್ಲ, ಗ್ಲಿಸರಿನ್ ತೆಳ್ಳಗೆ ಬರೋದರಿಂದ ನನಗೆ ಅದೇ ಇಷ್ಟ. ತಪ್ಪಿದ್ದು ಲೆಕ್ಕ. 3.5 ಅನ್ನೋದು ಕಾಸ್ಟಿಕ್ ಸೋಡಾದ್ದು, ಅಂದ್ರೆ ಸೋಡಿಯಂ ಹೈಡ್ರಾಕ್ಸೈಡಿಂದು. ಸೋಡಿಯಂ ಹೈಡ್ರಾಕ್ಸೈಡಿನ ಅಣುತೂಕ 40, ಪೊಟ್ಯಾಸಿಯಂದು 56. ಅಂದ್ರೆ 3.5 ಗ್ರಾಂ ಜಾಗದಲ್ಲಿ 4.9 ಬೇಕು. 85% ಅಂದ್ಮೇಲೆ 4.9ನ್ನ 0.85ರಿಂದ ಭಾಗಿಸಿ, ಸುಮಾರು 5.8. ಟೈಟ್ರೇಷನ್ ಅದೇ ಬಾಟಲಿಯಿಂದ ಮಾಡಿದ್ರೆ 2.5 ಹಾಗೇ ಇರಲಿ. ಒಟ್ಟು 8.3 ಗ್ರಾಂ ಬೇಕಿತ್ತು, ನೀವು ಹಾಕಿದ್ದು 6.

ಮಜ್ಜಿಗೆಗೆ ಬಿಸಿ ಉಪ್ಪುನೀರು ಹಾಕಿ ಅಲುಗಿಸದೆ ಬಿಡಿ, ಒಡೆಯುತ್ತೆ. ನೀರು ಬಸಿದು, ಚಟಚಟ ನಿಲ್ಲೋವರೆಗೆ ಕಾಯಿಸಿ, ಆರಿಸಿ. ಆಮೇಲೆ ಲೀಟರಿಗೆ 100 ಮಿಲಿ ಮೆಥನಾಲ್, 3 ಗ್ರಾಂ ಪೊಟ್ಯಾಷ್ ಹಾಕಿ ಇನ್ನೊಂದು ಸುತ್ತು ಓಡಿಸಿ. ನಾನಾಗಿದ್ರೆ ಇಷ್ಟೇ ಮಾಡ್ತಿದ್ದೆ.

ಮಂಡಕ್ಕಿಲ್ಯಾಬ್
ನಾಲ್ಕು ದಿನ ಆದ್ಮೇಲೆ ಬರೀತಿದೀನಿ. ಮಜ್ಜಿಗೆ ಒಡೀತು. ಎರಡನೇ ಸುತ್ತಲ್ಲಿ ಇನ್ನಷ್ಟು ಗ್ಲಿಸರಿನ್ ಇಳೀತು. 3ಕ್ಕೆ 27ರ ಪರೀಕ್ಷೇಲಿ ತಳ ಕ್ಲೀನ್. ಈ ಸಲ ಮಳೆನೀರಲ್ಲಿ ತೊಳೆದ್ವಿ, ಮೊದಲ ಸಲ ಅಲುಗಿಸಲೇ ಇಲ್ಲ, ಮೂರನೇ ಸಲಕ್ಕೆ ನೀರು ತಿಳಿಯಾಯ್ತು. ವಾಸನೆ ಮಾತ್ರ ಸಂಜೆ ಹೊತ್ತಿನ ಬಜ್ಜಿ ಅಂಗಡಿದೇ!

ಸ್ಕೂಲ್ ಕಾಂಪೌಂಡಲ್ಲಿ ಆರು ಹೊಂಗೆ ಮರ ಇವೆ. ಅದರ ಎಣ್ಣೇಲಿ ಮಾಡೋಣ ಅಂತ ಮಕ್ಕಳ ಹಟ.

ಬ್ಯುರೆಟ್
ಮೊದಲು ಟೈಟ್ರೇಷನ್ ಮಾಡಿ. ಹೊಂಗೆ ಎಣ್ಣೇಲಿ ಆಮ್ಲ ಎಷ್ಟೋ ಸಲ ಜಾಸ್ತಿ ಇರುತ್ತೆ, ಈ ವಿಧಾನದಲ್ಲಿ ಡಬ್ಬಿ ತುಂಬ ಸೋಪೇ ಬರುತ್ತೆ. ಅದಕ್ಕೆ ಮುಂಚೆ ಸಲ್ಫ್ಯೂರಿಕ್ ಆಮ್ಲದ ಒಂದು ಹಂತ ಬೇಕು, ಅದನ್ನ ಒಂಬತ್ತನೇ ಕ್ಲಾಸಿನವರ ಕೈಗೆ ಕೊಡ್ಬೇಡಿ.

ಗಾಣದಮನೆ
ಹೊಂಗೆ ಬೀಜ ನಮ್ಮ ಗಾಣಕ್ಕೆ ಮಾತ್ರ ತರಬ್ಯಾಡ್ರಪ್ಪ. ಹಿಂದೆ ಒಂದ್ಸಲ ಹಾಕಿ, ಮಾರನೇ ದಿನದ ಶೇಂಗಾ ಎಣ್ಣೆ ಕಹಿ ಅಂತ ಗಿರಾಕಿಗಳೆಲ್ಲ ವಾಪಸ್ ತಂದು ಸುರಿದಿದ್ರು.