ಸೀರೆಗೆ 1,899 ಕೊಟ್ಟೆ, ಕಾರ್ಡಿಂದ 33,061 ಹೋಯಿತು. ಏನಾದರೂ ವಾಪಸ್ ಬರುತ್ತಾ?

ಹಾಸನದ_ಗಣಿತ_ಮೇಡಂ · ಶನಿವಾರ ಸಂಜೆ

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಲಾಭ, ನಷ್ಟ, ರಿಯಾಯಿತಿ ಎಲ್ಲ ಎಂಟನೇ ಕ್ಲಾಸಿಗೆ ನಾನೇ ಮಾಡುವ ಪಾಠ. ಆಮೇಲೆ ನೀವು ಆಡಿಕೊಳ್ಳುವ ಮೊದಲು ನಾನೇ ಹೇಳಿಬಿಟ್ಟೆ.

ಅಮ್ಮನಿಗೆ ಈ ತಿಂಗಳು ಎಪ್ಪತ್ತು ತುಂಬುತ್ತೆ. ಅವರಿಗೆ ಒಂದು ಮೈಸೂರು ಸಿಲ್ಕ್ ಉಡಿಸಬೇಕು ಅಂತ ಎರಡು ವರ್ಷದ ಆಸೆ. ಬುಧವಾರ ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಕೂತಿದ್ದೆ. ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು ಬಂತು. 'ಮೈಸೂರು ಸಿಲ್ಕ್, ಹಬ್ಬದ ಸ್ಟಾಕ್ ಕ್ಲಿಯರೆನ್ಸ್, 1,999 ಮಾತ್ರ.' ಗಂಡಭೇರುಂಡದ ಚಿತ್ರ, ಅರಮನೆಯ ಚಿತ್ರ, ಕೆಳಗೆ 'ತುಂಬಾ ಚೆನ್ನಾಗಿದೆ' ಅಂತ ನೂರಾರು ಕಾಮೆಂಟು. ಒತ್ತಿದೆ. ಮೇಲೆ ಗಡಿಯಾರ ಹಿಂದಕ್ಕೆ ಓಡುತ್ತಿತ್ತು, 11 ನಿಮಿಷ ಬಾಕಿ. ಎಲೆ ಹಸಿರಿನಲ್ಲಿ ಎರಡೇ ಸೀರೆ ಉಳಿದಿವೆಯಂತೆ. ಸೀರೆ ಬಂದಮೇಲೆ ದುಡ್ಡು ಕೊಡುವ ವ್ಯವಸ್ಥೆ ಇರಲಿಲ್ಲ. ಯುಪಿಐ ಕೂಡ ಇರಲಿಲ್ಲ. ಕಾರ್ಡಲ್ಲಿ ಕೊಟ್ಟರೆ ಇನ್ನೂ 100 ರೂಪಾಯಿ ಕಡಿಮೆ. ಆ ನೂರು ರೂಪಾಯಿ ನೋಡಿ ನನಗೆ ಖುಷಿಯಾಯಿತು, ನೋಡಿ! ವಿಳಾಸದ ಪಕ್ಕ ಬೀಗದ ಗುರುತೂ ಇತ್ತು. ಬೀಗ ಇದ್ದರೆ ಸೇಫ್ ಅಂತ ಎಲ್ಲೋ ಓದಿದ್ದೆ.

ಕ್ರೆಡಿಟ್ ಕಾರ್ಡಿನ ನಂಬರ್, ಹಿಂಬದಿಯ ಮೂರು ಅಂಕಿ ಎಲ್ಲ ತುಂಬಿದೆ. ಅದೇ ಪುಟದಲ್ಲಿ ಓಟಿಪಿ ಕೇಳಿತು. ಕೀಬೋರ್ಡಿನ ಮೇಲೆ ಆರು ಅಂಕಿ ತಾನಾಗೇ ಕಾಣಿಸಿತು, ಒತ್ತಿದೆ. ಮೆಸೇಜ್ ತೆರೆಯಲೇ ಇಲ್ಲ. 'ಪೇಮೆಂಟ್ ಫೇಲ್ ಆಗಿದೆ, ಮತ್ತೆ ಪ್ರಯತ್ನಿಸಿ' ಅಂತ ಬಂತು. ಇನ್ನೊಂದು ಓಟಿಪಿ. ಅದನ್ನೂ ಒತ್ತಿದೆ. 'ಆರ್ಡರ್ ಆಗಿದೆ, ಧನ್ಯವಾದ' ಅಂತ ಹೂವು ಉದುರಿತು. ನೆಮ್ಮದಿಯಾಗಿ ಮಲಗಿದೆ.

ಗುರುವಾರ ಸ್ಟಾಫ್ ರೂಮಿನಲ್ಲಿ ಮೆಸೇಜ್ ನೋಡಿದರೆ ಮೊದಲನೆಯದು 1,899. ಎರಡನೆಯದು 24,850, ಯಾವುದೋ ವ್ಯಾಲೆಟ್‌ಗೆ. ಓಟಿಪಿ ಬಂದ ಮೆಸೇಜಿನಲ್ಲೇ ಮೊತ್ತ, ವ್ಯಾಲೆಟ್ ಹೆಸರು ಎರಡೂ ಇದ್ದವು. ಓದಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಆಗಲೇ ಬ್ಯಾಂಕಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಪಕ್ಕದಲ್ಲಿ ವಿಜ್ಞಾನದ ಮೇಷ್ಟ್ರು ಕೂತಿದ್ದರು, ಅವರ ಕಿವಿಗೆ ಬಿದ್ದರೆ ಸಂಜೆಯೊಳಗೆ ಇಡೀ ಶಾಲೆಗೆ ಗೊತ್ತು. ಮನೆಗೆ ಹೋಗಿ ಮಾಡೋಣ ಅಂದುಕೊಂಡೆ. ಮನೆಯಲ್ಲಿ ನಮ್ಮ ಯಜಮಾನರಿದ್ದರು. ನಾಳೆ ಮಾಡೋಣ ಅಂದುಕೊಂಡೆ.

ಶುಕ್ರವಾರ ಬೆಳಗಿನ ಜಾವ 2:40ಕ್ಕೆ ಇನ್ನೊಂದು 6,312 ಹೋಯಿತು. ಡಾಲರ್‌ನಲ್ಲಿ, ಓಟಿಪಿ ಕೇಳದೆ. ಹಾಲು ಕಾಯಿಸುತ್ತಾ ಮೆಸೇಜ್ ನೋಡಿದೆ, ಹಾಲು ಉಕ್ಕಿ ಒಲೆ ಆರಿತು. ಆಗ ಕಾರ್ಡ್ ಬ್ಲಾಕ್ ಮಾಡಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ಬ್ಯಾಂಕಿನ ಹುಡುಗಿ 'ಓಟಿಪಿ ಕೊಟ್ಟಿದ್ದೀರಾ ಅಂದ್ರೆ ನಿಮ್ಮದೇ ಜವಾಬ್ದಾರಿ ಮೇಡಂ' ಅಂದಳು.

ಇದು ನಿಜವಾ? ಓಟಿಪಿನೇ ಇಲ್ಲದೆ ಹೋದ ದುಡ್ಡಿಗೂ ನಾನೇ ಜವಾಬ್ದಾರಳಾ? ಬಿಲ್ ಬಂದರೆ ಕಟ್ಟಬೇಕಾ?

---

ಕೌಂಟರ್_ನಂಬರ್_ಮೂರು · ಶನಿವಾರ ರಾತ್ರಿ

ಮೇಡಂ, ನಾನು ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಮೊದಲು ಒಂದು ಮಾತು. 33,061 ಅಂತ ಒಂದೇ ದೂರು ಕೊಡಬೇಡಿ. ಮೂರು ವ್ಯವಹಾರ, ಮೂರು ಬೇರೆ ಬೇರೆ ಕಥೆ. ಒಟ್ಟಿಗೆ ಕಟ್ಟಿ ಕೊಟ್ಟರೆ 'ಓಟಿಪಿ ಕೊಟ್ಟಿದ್ದಾರೆ' ಅಂತ ಒಂದೇ ಸಾಲು ಬರೆದು ಮೂರನ್ನೂ ಮುಚ್ಚಿಬಿಡುತ್ತಾರೆ. ನಾನೂ ಆ ಕುರ್ಚಿಯಲ್ಲಿ ಕೂತಿದ್ದವನೇ.

6,312ರಿಂದ ಶುರು ಮಾಡಿ, ನಿಮ್ಮ ಕೈ ಗಟ್ಟಿ ಇರುವುದು ಅಲ್ಲೇ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿದೆ. ಗ್ರಾಹಕರ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರು ದುಡ್ಡು ಎತ್ತಿದರೆ, ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಒಂದು ರೂಪಾಯಿ ಹೊಣೆಯೂ ಇಲ್ಲ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸ್ವಲ್ಪ ಹೊಣೆ ಬೀಳುತ್ತೆ, 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10,000. ನೀವು ಶುಕ್ರವಾರವೇ ಹೇಳಿದ್ದೀರಿ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ನಿಮ್ಮ ಖಾತೆಗೆ ಹಾಕಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ತಪ್ಪು ನಿಮ್ಮದು ಅಂತ ತೋರಿಸುವ ಕೆಲಸವೂ ಬ್ಯಾಂಕಿನದೇ. 'ಕಾರ್ಡ್ ವಿವರ ನೀವೇ ಕೊಟ್ಟಿದ್ದೀರಲ್ಲ' ಅಂತ ಖಂಡಿತ ಜಗ್ಗುತ್ತಾರೆ. ಬಿಡಬೇಡಿ.

24,850 ಕಷ್ಟ. ಸುಳ್ಳು ಸಮಾಧಾನ ಹೇಳಲ್ಲ. ಗ್ರಾಹಕರ ನಿರ್ಲಕ್ಷ್ಯದಿಂದ ಹೋಗಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಗ್ರಾಹಕರದ್ದೇ ಅಂತ ಅದೇ ಸುತ್ತೋಲೆ ಹೇಳುತ್ತೆ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದ್ದು. ಇಲ್ಲಿ ಆಸೆ ಏನಿದ್ದರೂ 1930ರ ಮೇಲೆ. ಆ ವ್ಯಾಲೆಟ್‌ನಲ್ಲಿ ಕಳ್ಳ ಖರ್ಚು ಮಾಡದೆ ಉಳಿಸಿದ್ದು ಇದ್ದರೆ ತಡೆಹಿಡಿಯುತ್ತಾರೆ. ಫೋನ್ ಮಾಡಿ ಸುಮ್ನೆ ಕೂರಬೇಡಿ. cybercrime.gov.in ಸೈಟಿನಲ್ಲಿ ಪೂರ್ತಿ ದೂರು ದಾಖಲಿಸಿ, ಆ ಪ್ರತಿ ಹಿಡಿದು ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ.

1,899 ನೀವೇ ಕೊಡಲು ಒಪ್ಪಿದ ದುಡ್ಡು. ಅದಕ್ಕೆ 'ವಸ್ತು ಬಂದಿಲ್ಲ' ಅಂತ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಅಂಗಡಿಯವರಿಂದ ದುಡ್ಡು ವಾಪಸ್, ಕೇಳಬೇಕು. ಆರ್ಡರ್ ಪುಟದ ಸ್ಕ್ರೀನ್‌ಶಾಟ್ ಈಗಲೇ ತೆಗೆಯಿರಿ, ಆ ಸೈಟು ಸೋಮವಾರದವರೆಗೆ ಬದುಕಿರೋದು ಡೌಟು.

ಬಿಲ್ ವಿಚಾರ. ವಂಚನೆ ಅಂತ ತಕರಾರು ಮಾಡಿದ ಮೊತ್ತದ ಮೇಲೆ, ಅದು ತೀರ್ಮಾನವಾಗುವ ತನಕ ಯಾವ ಶುಲ್ಕವನ್ನೂ ಹಾಕುವಂತಿಲ್ಲ. ರಿಸರ್ವ್ ಬ್ಯಾಂಕಿನ 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನದಲ್ಲಿ ಬಂದ ನಿಯಮ ಇದು. ಉಳಿದ ಖರೀದಿಯ ದುಡ್ಡು ಮಾತ್ರ ಸಮಯಕ್ಕೆ ಕಟ್ಟಿ.

ನಿಮ್ಮ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಇತ್ತಾ? ಹೇಗೆ?

---

ಹಾಸನದ_ಗಣಿತ_ಮೇಡಂ

ಮಗ ಹೋದ ವರ್ಷ ಯಾವುದೋ ಪರೀಕ್ಷೆಗೆ ಡಾಲರ್‌ನಲ್ಲಿ ಫೀಸ್ ಕಟ್ಟಬೇಕಿತ್ತು. ಆಗ ಆ್ಯಪ್‌ನಲ್ಲಿ ಆನ್ ಮಾಡಿದ್ದ. ಆಫ್ ಮಾಡಲು ಇಬ್ಬರಿಗೂ ನೆನಪಾಗಲಿಲ್ಲ.

---

ಕೌಂಟರ್_ನಂಬರ್_ಮೂರು

ಅದೇ ಬಾಗಿಲು. ನಮ್ಮ ದೇಶದ ಅಂಗಡಿಗಳಿಗೆ ಎರಡನೇ ಹಂತದ ಪರಿಶೀಲನೆ, ಅಂದರೆ ನಮಗೆ ಗೊತ್ತಿರುವ ಓಟಿಪಿ, ಕಡ್ಡಾಯ ಮಾಡಿದ್ದು 2009ರಲ್ಲಿ. ಹೊರದೇಶದ ಸೈಟುಗಳಲ್ಲಿ ಕಾರ್ಡ್ ನಂಬರ್, ಮೂರು ಅಂಕಿ ಇದ್ದರೆ ಎಷ್ಟೋ ಕಡೆ ಓಟಿಪಿ ಇಲ್ಲದೆ ದುಡ್ಡು ಹೋಗುತ್ತೆ. ಅದಕ್ಕೇ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳನ್ನು ವಿದೇಶಿ ವ್ಯವಹಾರ ಆಫ್ ಇಟ್ಟೇ ಕೊಡುತ್ತಿರುವುದು. ಮಕ್ಕಳು ಆನ್ ಮಾಡುತ್ತಾರೆ, ಆಫ್ ಮಾಡುವುದು ನಮ್ಮ ಪಾಲಿಗೆ.

---

ಮಗ್ಗದ_ಮನೆ_ಮೈಸೂರು · ಭಾನುವಾರ

ಬ್ಯಾಂಕಿನ ವಿಷಯ ನನಗೆ ಗೊತ್ತಿಲ್ಲ, ಸೀರೆ ಗೊತ್ತು. ನಮ್ಮ ಮಾವ ಮಾನಂದವಾಡಿ ರಸ್ತೆಯ ಫ್ಯಾಕ್ಟರಿಯಲ್ಲೇ ಕೆಲಸ ಮಾಡಿದವರು.

ಅಕ್ಕಾ, ಮೈಸೂರು ಸಿಲ್ಕ್ ಅನ್ನೋದು ಬರೀ ಹೆಸರಲ್ಲ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ, ಈಗ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನಡೆಸುತ್ತೆ. ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಸಲಿ ರೇಷ್ಮೆ, ಜರಿಯಲ್ಲಿ ಬೆಳ್ಳಿ, ಚಿನ್ನ. ಒಂದೊಂದು ಸೀರೆಗೂ ಅದರದ್ದೇ ನಂಬರ್, ಹಾಲೋಗ್ರಾಂ. 1,899ಕ್ಕೆ ಅದರ ನೂಲೂ ಬರಲ್ಲ. ಇನ್ನೊಂದು ವಿಷಯ ಯೋಚನೆ ಮಾಡಿ. ಸ್ಟಾಕ್ ಸಿಗದೆ ಜನ ಬೆಳಗಾಗುವ ಮೊದಲೇ ಶೋರೂಮ್ ಮುಂದೆ ಕ್ಯೂ ನಿಲ್ಲುವ ಸೀರೆ ಇದು. ಕ್ಯೂ ನಿಂತರೂ ಸಿಗದ ವಸ್ತುವಿಗೆ ಯಾರಾದರೂ ಸ್ಟಾಕ್ ಖಾಲಿ ಮಾಡುವ ಸೇಲ್ ಇಡ್ತಾರಾ?

ಹಬ್ಬದ ಹೊತ್ತಿಗೆ ನಿಜವಾದ ರಿಯಾಯಿತಿಯೂ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಅದು ಇಷ್ಟು ಶೇಕಡಾ ಕಡಿತ ಅಂತ ಇರುತ್ತೆ. ಕಳ್ಳರ ಸೇಲ್‌ನಲ್ಲಿ ಬಿಲ್ಲಿನ ಕೊನೆಯ ಸೊನ್ನೆಯೇ ಉದುರಿರುತ್ತೆ.

---

ಬಸವನಗುಡಿ_ಬಾಯ್ · ಭಾನುವಾರ

ಓದಿದವರೇ ಹೀಗೆ ಮಾಡಿದರೆ ಹೇಗೆ? ಮಕ್ಕಳಿಗೆ ಏನು ಪಾಠ ಮಾಡ್ತೀರಿ? ದುರಾಸೆ, ಇನ್ನೇನೂ ಅಲ್ಲ.

---

ಹಾಸನದ_ಗಣಿತ_ಮೇಡಂ

ದುರಾಸೆ ಅಂತಲೇ ಇಟ್ಟುಕೊಳ್ಳಿ. ಆದರೆ ಲೆಕ್ಕ ನೋಡಿ. ಆಸೆಗೆ ಹೋದದ್ದು ಬುಧವಾರ. ಶುಕ್ರವಾರದ 6,312 ಹೋದದ್ದು ನಿಮ್ಮಂಥವರು ಏನು ಅಂತಾರೋ ಅಂತ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ.

---

ಕುಂದಾಪ್ರ_ಟು_ಪೀಣ್ಯ · ಭಾನುವಾರ ರಾತ್ರಿ

ಮೇಡಂ, ಒಂದು ಎಚ್ಚರಿಕೆ. ಇನ್ನು ನಾಲ್ಕೈದು ದಿನದಲ್ಲಿ ನಿಮಗೆ ಫೋನ್ ಬರುತ್ತೆ. 'ನಿಮ್ಮ ರೀಫಂಡ್ ಮಂಜೂರಾಗಿದೆ' ಅಂತ. ನಿಮ್ಮ ನಂಬರ್, ಆರ್ಡರ್ ಮೊತ್ತ, ಸೀರೆಯ ಬಣ್ಣ ಎಲ್ಲ ಕರೆಕ್ಟಾಗಿ ಹೇಳುತ್ತಾರೆ. ಹೇಳದೆ ಏನು, ನೀವೇ ಕೊಟ್ಟದ್ದಲ್ವಾ.

ನಂದು ಶೂ ಕಥೆ. 799ಕ್ಕೆ ಬ್ರ್ಯಾಂಡ್ ಶೂ. ಬರಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ 799ಕ್ಕೆ ಮುಗಿಯುತ್ತಿತ್ತು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದೆ. ಎಷ್ಟು ಮರ್ಯಾದೆಯಿಂದ ಮಾತಾಡಿದ ಮಾರಾಯ್ರೇ! ಒಂದು ಆ್ಯಪ್ ಹಾಕಿಸಿದ, ನನ್ನ ಫೋನ್ ಪರದೆ ಅವನಿಗೆ ಕಾಣುವಂಥದ್ದು. ರೀಫಂಡ್ ಬರಲು ಯುಪಿಐ ಪಿನ್ ಹಾಕಿ ಅಂದ. ಹಾಕಿದೆ. ದುಡ್ಡು ಬರಲು ಪಿನ್ ಬೇಕಾಗೇ ಇಲ್ಲ, ಕೊಡಲು ಮಾತ್ರ ಬೇಕು ಅಂತ ದಿನಾ ಚಹಾ ಅಂಗಡಿಯಲ್ಲಿ ಪಿನ್ ಒತ್ತುವ ನನಗೆ ಆಗ ಹೊಳೆಯಲಿಲ್ಲ. 18,000 ಹೋಯ್ತು. ಶೂ ಹುಡುಕಿದ್ದಕ್ಕಿಂತ ರೀಫಂಡ್ ಹುಡುಕಿದ್ದೇ ತುಟ್ಟಿ ಆಯ್ತು.

ಆ ಬೀಗದ ಗುರುತಿನ ಬಗ್ಗೆ: ನೀವು ಕಳಿಸಿದ ವಿವರವನ್ನು ದಾರಿಯಲ್ಲಿ ಬೇರೆಯವರು ಓದದ ಹಾಗೆ ಅದು ಕಾಯುತ್ತೆ, ಅಷ್ಟೇ. ತಲುಪಿದ ಜಾಗದಲ್ಲಿ ಕೂತಿರುವವನು ಕಳ್ಳನೋ ಅಲ್ವೋ ಅಂತ ಅದು ಹೇಳಲ್ಲ. ಕಳ್ಳನ ಮನೆಗೂ ಬೀಗ ಇರುತ್ತೆ.

---

ಹಾಸನದ_ಗಣಿತ_ಮೇಡಂ · ಐದು ವಾರದ ಮೇಲೆ

ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ.

ಮೂರು ದೂರು ಬೇರೆ ಬೇರೆ ಬರೆದುಕೊಟ್ಟೆ. 6,312 ಎಂಟನೇ ಕೆಲಸದ ದಿನ ಖಾತೆಗೆ ಬಂತು, ತಾತ್ಕಾಲಿಕ ಅಂತ ಬರೆದಿದ್ದಾರೆ. 24,850ಕ್ಕೆ ಬ್ಯಾಂಕಿನವರು ಆಗಲ್ಲ ಅಂತ ಲಿಖಿತವಾಗಿ ಕೊಟ್ಟಿದ್ದಾರೆ. ವ್ಯಾಲೆಟ್‌ನಲ್ಲಿ 9,400 ತಡೆಹಿಡಿದಿದ್ದಾರಂತೆ, ಉಳಿದದ್ದು ಗಿಫ್ಟ್ ಕಾರ್ಡ್ ಆಗಿ ಅವತ್ತೇ ಖಾಲಿ. ಆ 9,400 ಕೈಗೆ ಬರಲು ಅರ್ಜಿ ಹೇಗೆ ಹಾಕಬೇಕು ಅಂತ ಸಿಇಎನ್ ಠಾಣೆಯವರು ಹೇಳಿಕೊಟ್ಟರು.

ರೀಫಂಡ್ ಫೋನ್ ಬಂತು! ನಾಲ್ಕನೇ ದಿನಕ್ಕೇ. 'ಎಲೆ ಹಸಿರು ಸೀರೆ ಅಲ್ವಾ ಮೇಡಂ' ಅಂದ. ಕುಂದಾಪುರದ ತಮ್ಮ, ನಿಮ್ಮನ್ನು ನೆನೆದು ಫೋನ್ ಇಟ್ಟೆ.

ಬಿಲ್ ಬಂದ ದಿನ ಯಜಮಾನರಿಗೆ ಹೇಳಿದೆ. ಬೈಯಲಿಲ್ಲ. 'ಗುರುವಾರವೇ ಹೇಳಿದ್ದರೆ ಆರು ಸಾವಿರಕ್ಕೆ ಓಡಾಡೋದು ತಪ್ಪುತ್ತಿತ್ತಲ್ಲ' ಅಂದರು. ಗಣಿತ ಮೇಡಂಗೆ ಲೆಕ್ಕ ಹೇಳಿಕೊಟ್ಟರು.

ಮೊನ್ನೆ ಒಂದು ಪಾರ್ಸೆಲ್ ಬಂತು. ಒಳಗೆ ಹಸಿರು ಬಟ್ಟೆ ಇದೆ. ಸೀರೆ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ, ಆಚೆ ಇರೋದು ಈಚೆ ಕಾಣುತ್ತೆ. ಎಸೆದುಬಿಡಲಾ?

---

ಕೌಂಟರ್_ನಂಬರ್_ಮೂರು

ಎಸೆಯಬೇಡಿ! ಇದು ಅವರ ಹಳೇ ಆಟ. ಏನಾದರೂ ಕಳಿಸಿ 'ತಲುಪಿದೆ' ಅಂತ ಕೊರಿಯರ್ ದಾಖಲೆ ತೋರಿಸಿದರೆ ನಿಮ್ಮ 'ವಸ್ತು ಬಂದಿಲ್ಲ' ದೂರು ಬಿದ್ದುಹೋಗುತ್ತೆ. 'ಹೇಳಿದ್ದೇ ಬೇರೆ, ಬಂದದ್ದೇ ಬೇರೆ' ಅಂತ ಇವತ್ತೇ ಬದಲಾಯಿಸಿ ಬರೆದುಕೊಡಿ. 24,850ಕ್ಕೆ ಆ ಲಿಖಿತ ಉತ್ತರ ಹಿಡಿದು ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ಪಾರ್ಸೆಲ್ ಮೇಲಿನ ಚೀಟಿಯಲ್ಲಿ ತೂಕ ಎಷ್ಟಿದೆ ನೋಡಿ.

---

ಹಾಸನದ_ಗಣಿತ_ಮೇಡಂ

180 ಗ್ರಾಂ. ಪ್ಯಾಕೆಟ್ ಸೇರಿ.

---

ಮಗ್ಗದ_ಮನೆ_ಮೈಸೂರು

ಅಕ್ಕಾ, ಇಷ್ಟು ಹಗುರದ್ದು ಮೈಸೂರು ಸಿಲ್ಕ್ ಸೀರೆ ಆಗಿರಲ್ಲ, ಆ ಚೀಟಿಯ ಫೋಟೋ ದೂರಿನ ಜೊತೆ ಹಾಕಿ. ಅಮ್ಮನಿಗೆ ಸೀರೆ ಬೇಕಾದಾಗ ಹೇಳಿ. ಮೈಸೂರಿಗೆ ಬನ್ನಿ, ಕ್ಯೂ ನಾನು ನಿಲ್ತೀನಿ.